ಬೇರೆ ಬೆಳಕಿನ ಜನ

ಜೂನ್ ೧೨, ಬುಧವಾರ
ಹಿಂಬದಿಯ ಗಾಜಿನ ಕೋಣೆಯಿಂದ

ನನ್ನ ಮುದ್ದು ಜೀರುಂಡೆಗೆ,

ಮೊದಲು ಬೈಯುವುದನ್ನೆಲ್ಲ ಬೈದು ಮುಗಿಸು. ಮುಗಿಯಿತೇ? ಹಾಗಾದರೆ ಈಗ ಓದು.

ನಿನ್ನ ಪತ್ರಗಳಿಗೆ ಉತ್ತರ ಬರೆಯದೆ ಇಷ್ಟು ದಿನ ಸತಾಯಿಸಿದ್ದು ತಪ್ಪೇ, ಒಪ್ಪಿಕೊಂಡೆ. ನೀನು, ಅಳಿಯ, ಮೊಮ್ಮಗಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಅವಳ ಮುಂದಿನ ಹಲ್ಲು ಬಿದ್ದದ್ದನ್ನು ಓದಿ ಬಹಳ ನಕ್ಕೆ. ಓದಿದೆ ಎಂದೆನಲ್ಲ, ಅದು ಅರ್ಧ ಸುಳ್ಳು. ಓದಿ ಹೇಳಿದವನು ಚೌಕಟ್ಟಿನವನು. ಅವನನ್ನು ನೀನು ಮರೆತಿರಲಿಕ್ಕಿಲ್ಲ, ನನ್ನ ಚಿತ್ರಗಳಿಗೆಲ್ಲ ಮರದ ಚೌಕಟ್ಟು ಹಾಕಿಕೊಡುವವನು, ನಿನ್ನ ಮದುವೆಯಲ್ಲಿ ಹೆತ್ತ ನಮಗಿಂತ ಜೋರಾಗಿ ಅತ್ತವನು. ನಿನ್ನ ಬೈಗುಳವನ್ನು ಅವನು ಒಂದಕ್ಷರ ಬಿಡದೆ ನಿನ್ನದೇ ರಾಗದಲ್ಲಿ ಓದುತ್ತಾನೆ. “ಅಮ್ಮಾ, ನಿನಗೆ ಬುದ್ಧಿ ಇದೆಯಾ ಇಲ್ವಾ?” ಎಂದು ಆ ಗಡಸು ಗಂಟಲಿನಲ್ಲಿ ಕೇಳಿದಾಗ ನನಗೆ ಕೋಪ ಬರುವುದಿರಲಿ, ನಕ್ಕು ನಕ್ಕು ಚಹಾ ನೆತ್ತಿಗೇರುತ್ತದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಅಳುತ್ತೀ, ನಾನು ರೇಗುತ್ತೇನೆ, ಕೊನೆಗೆ ಇಬ್ಬರೂ ಸೆಖೆಯ ವಿಷಯ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಿನಗೆ ಜೀರುಂಡೆ ಎಂದು ಸುಮ್ಮಸುಮ್ಮನೆ ಹೆಸರಿಟ್ಟವಳಲ್ಲ ನಾನು. ಚೌಕಟ್ಟಿನವನು ದಪ್ಪ ರಟ್ಟಿನಲ್ಲಿ ಉದ್ದುದ್ದ ಸೀಳು ಕತ್ತರಿಸಿ ಕೊಟ್ಟಿದ್ದಾನೆ. ಅದನ್ನು ಹಾಳೆಯ ಮೇಲಿಟ್ಟು ಸೀಳಿನೊಳಗೆ ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ರಟ್ಟು ಜಾರಿ ಸಾಲಿನ ಮೇಲೆ ಸಾಲು ಹತ್ತಿದ್ದರೆ ನೀನೇ ಬಿಡಿಸಿಕೊಂಡು ಓದು.

ತೋಟದ ಸುದ್ದಿ ಕೇಳಿದ್ದೀ. ತೋಟ ತನಗೆ ತೋಚಿದಂತೆ ಬೆಳೆದಿದೆ. ನಿಮ್ಮಪ್ಪ ಹೋದಮೇಲೆ ಕತ್ತರಿ ಕಂಡಿಲ್ಲವಲ್ಲ. ಬೇಲಿಯ ಗಿಡ ಕಾಲುದಾರಿಯನ್ನು ಅರ್ಧ ನುಂಗಿದೆ. ಪಶ್ಚಿಮದ ಗೋಡೆಯ ಬುಡದ ಬಿಳಿ ಲಿಲ್ಲಿಗಳು ಮಾತ್ರ ಯಾರ ಹಂಗೂ ಇಲ್ಲದೆ ಈ ವರ್ಷವೂ ಬಂದವು. ಅವನ್ನು ಅಲ್ಲಿ ನೆಟ್ಟ ದಿನ ನೀನಿನ್ನೂ ತೊಟ್ಟಿಲಲ್ಲಿದ್ದೆ. ಸಂಜೆ ಬೆಳಕು ಗೋಡೆಗೆ ಬಡಿದು ಹಿಂದಕ್ಕೆ ಬರುವಾಗ ಬಿಳಿಯ ಮೇಲೆ ಏನು ಬಣ್ಣ ಆಗುತ್ತದೆ ನೋಡಬೇಕು ಎಂದು ನಾನು ಒಮ್ಮೆ ಸುಮ್ಮನೆ ಅಂದಿದ್ದೆ. ಮಾರನೆಯ ವಾರ ಗೆಡ್ಡೆಗಳು ಮಣ್ಣಿನಲ್ಲಿದ್ದವು. ಊರಿನ ಉದ್ಯಾನದಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಬಂದ ಮನುಷ್ಯ ಮನೆಗೆ ಬಂದೂ ಬೆನ್ನು ಬಗ್ಗಿಸುತ್ತಿದ್ದುದು ನನ್ನ ಬಣ್ಣಗಳಿಗಾಗಿ. ಯಾವ ಗಂಟೆಯಲ್ಲಿ ಯಾವ ಮೂಲೆಗೆ ಬಿಸಿಲು ಎಂದು ನೋಡಿಕೊಂಡು ನೆಡುತ್ತಿದ್ದರು.

ಅಷ್ಟು ಮಾಡಿದವರು ನಾನು ಚಿತ್ರ ಬರೆಯಲು ಈಸಲ್ ನಿಲ್ಲಿಸಿದೆನೆಂದರೆ ತಳ್ಳುಗಾಡಿ ಸಮೇತ ಮಾಯ. “ಅಲ್ಲೇ ನಿಂತಿರಿ, ಚೆನ್ನಾಗಿ ಕಾಣ್ತಿದ್ದೀರಿ” ಎಂದರೆ, “ಗಿಡ ನಿಂತಿವೆಯಲ್ಲ, ಸಾಲದಾ? ನಾನು ಬಂದ್ರೆ ಚಿತ್ರ ಕೆಡುತ್ತೆ” ಎನ್ನುತ್ತಿದ್ದರು. ಬಲವಂತ ಮಾಡಿದರೆ ನೀರಿನ ಪೈಪು ಸರಿಮಾಡುವ ನೆಪ ಸಿಗುತ್ತಿತ್ತು. ಹಾಗಾಗಿ ಇಷ್ಟೂ ವರ್ಷಗಳ ಚಿತ್ರಗಳಲ್ಲಿ ಅವರು ನೆಟ್ಟದ್ದೆಲ್ಲ ಇದೆ, ಅವರಿಲ್ಲ. ಅವರು ಹೋದಮೇಲೆ ಫೋಟೋ ನೋಡಿಕೊಂಡು ಒಂದು ಬರೆ ಎಂದು ನೀನು ಕೇಳಿದೆ. ನಾನು ಆಗುವುದಿಲ್ಲ ಎಂದೆ. ನಿನಗೆ ಬೇಜಾರಾಯಿತು. ಏನು ಮಾಡಲಿ, ಕಣ್ಣೆದುರು ಕಂಡದ್ದನ್ನು ಬಿಟ್ಟು ಬೇರೆ ಬರೆದವಳಲ್ಲ ನಾನು. ಫೋಟೋ ನೋಡಿ ಬರೆಯಲಿಲ್ಲ, ನೆನಪಿನಿಂದ ಬರೆಯಲಿಲ್ಲ. ಕಲಿಯುವ ಕಾಲದಲ್ಲಿ ಕೈಗೆ ಹತ್ತಿದ ಹಟ, ಸಾಯುವ ಕಾಲಕ್ಕೆ ಬಿಡುತ್ತದೆಯೇ?

ಆ ಹಟವೇ ನನ್ನನ್ನು ಕಣ್ಣಿನ ಡಾಕ್ಟರ ಬಾಗಿಲಿಗೆ ಕರೆದೊಯ್ದದ್ದು. ವಕೀಲರ ಮನೆಯ ರಾದ್ಧಾಂತವನ್ನು ನೀನು ಚೂರುಪಾರು ಕೇಳಿದ್ದೀ. ಪೂರ್ತಿ ಹೇಳುತ್ತೇನೆ, ನಗುವಷ್ಟು ನಕ್ಕುಬಿಡು, ಮುಂದೆ ನಗುವಂಥದ್ದು ಹೆಚ್ಚಿಲ್ಲ.

ವಕೀಲರು ತಮ್ಮ ಗುಲಾಬಿ ತೋಟವನ್ನು ಬೆಳಗಿನ ಬಿಸಿಲಿನಲ್ಲಿ ಬರೆದುಕೊಡಿ ಎಂದಿದ್ದರು. ದಿನಾ ಬೆಳಿಗ್ಗೆ ಹೋಗಿ, ಬಿಸಿಲು ಗೋಡೆ ದಾಟಿ ಹೂವಿನ ಮೇಲೆ ಬೀಳುವ ಹೊತ್ತಿಗೆ ಬಣ್ಣದ ಪ್ಯಾಲೆಟ್ ಸಿದ್ಧಮಾಡಿಕೊಂಡು ಕಾಯುತ್ತಿದ್ದೆ. ಆ ಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ಸರಿದದ್ದೇ ಕುಂಚ ಕೆಳಗಿಡಬೇಕು, ಇಲ್ಲದಿದ್ದರೆ ಒಂದೇ ಚಿತ್ರದಲ್ಲಿ ಎರಡು ಹೊತ್ತು ಬೆರೆತು ಎಲ್ಲ ಕಲಸುಮೇಲೋಗರ. ಅಲ್ಲಿ ಕಲ್ಲುಬೆಂಚಿನ ಮೇಲೆ ದಿನವೂ ಒಬ್ಬ ಹೆಂಗಸು ಬಂದು ಕೂರುತ್ತಿದ್ದಳು. ಹಳದಿ ಟೋಪಿ, ಬೂದುಬಣ್ಣದ ಉದ್ದ ಕೋಟು, ಮಡಿಲಲ್ಲಿ ಕೈ. ಮನೆಯವರ ನೆಂಟರಿರಬೇಕು ಎಂದುಕೊಂಡೆ. ಮಾತಿಲ್ಲ ಕತೆಯಿಲ್ಲ, ಅಲುಗಾಟವೂ ಇಲ್ಲ. ಹಾಗೆ ಕೂರುವವರು ಸಿಕ್ಕರೆ ಯಾವ ಚಿತ್ರಗಾರ ಬಿಡುತ್ತಾನೆ ಹೇಳು? ಅವಳನ್ನೂ ಬರೆದೆ. ಟೋಪಿಯ ನೆರಳು ಮಾತ್ರ ಎಷ್ಟು ತಿದ್ದಿದರೂ ಉಳಿದ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಆದರೆ ಕಂಡದ್ದು ಹಾಗೆ, ಬರೆದದ್ದೂ ಹಾಗೆ.

ಚಿತ್ರ ಒಣಗಿ, ಚೌಕಟ್ಟು ಕೂತು, ಅವರ ಊಟದ ಕೋಣೆಯ ಗೋಡೆ ಏರಿತು. ಆ ವಾರವೇ ವಕೀಲರ ಹೆಂಡತಿಯ ಫೋನು. ಏದುಸಿರು ಬಿಡುತ್ತಿದ್ದರು. “ನೀವೊಂದ್ಸಲ ಬಂದು ಹೋಗಿ. ಈಗಲೇ ಬನ್ನಿ.”

ಹೋದೆ. ಹೋದರೆ ಗಂಡ ಹೆಂಡತಿ ಮೇಜಿನ ಆ ಕಡೆಗೊಬ್ಬರು ಈ ಕಡೆಗೊಬ್ಬರು ನಿಂತಿದ್ದಾರೆ.

“ಹೇಳಿ, ಯಾರು ಇವಳು? ನಾನು ತಂಗಿ ಮನೆಗೆ ಹೋಗಿದ್ದಾಗ ದಿನಾ ಬೆಳಿಗ್ಗೆ ನಮ್ಮ ಬೆಂಚಲ್ಲಿ ಬಂದು ಕೂತವಳು?” ಎಂದರು ಆಕೆ.

“ನನಗೇನು ಗೊತ್ತು! ಇವರು ಸುಮ್ನೆ ಸೇರಿಸಿರ್ಬೇಕು, ಅಂದಕ್ಕೆ” ಎಂದರು ವಕೀಲರು. ಕೋರ್ಟಿನಲ್ಲಿ ಗುಡುಗುವ ಮನುಷ್ಯನ ದನಿ ಬೆಕ್ಕಿನಮರಿಯಷ್ಟಾಗಿತ್ತು.

“ಸುಮ್ನೆ ಸೇರಿಸ್ತಾರಾ? ಕಣ್ಣಿಗೆ ಕಂಡಿದ್ದು ಬಿಟ್ಟು ಬೇರೆ ಏನೂ ಬರೆಯಲ್ಲ, ಅದಕ್ಕೇ ಇವರನ್ನೇ ಕರೆಸೋಣ ಅಂದಿದ್ದು ನೀವೇ ತಾನೇ?”

ನನಗೆ ನಗು ತಡೆಯಲಾಗಲಿಲ್ಲ. ಪಾಪದ ವಕೀಲರು ಕಿಟಕಿಯತ್ತ ಕೈ ಚಾಚಿ, “ನೋಡಿ ಅಮ್ಮಾ, ಅದೇ ಬೆಂಚು. ಯಾರಿದ್ದಾರೆ ಅಲ್ಲಿ? ಯಾರಾದ್ರೂ ಯಾವತ್ತಾದ್ರೂ ಇದ್ರಾ?” ಎಂದರು. ನಾನು ನೋಡಿದೆ. ಜಗಳ ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ, “ಅಗೋ, ಅಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳಿಬಿಡಿ” ಎಂದೆ.

ಇಬ್ಬರೂ ಕಿಟಕಿಯನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು. ಆಗ ನಾನು ಮತ್ತೆ ಬೆಂಚಿನ ಕಡೆ ಕಣ್ಣು ಹಾಯಿಸಿದೆ. ಗುಲಾಬಿಗಳ ಮೇಲೆ ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ಅವಳ ಟೋಪಿಯ ಮೇಲೆ ಎಡಗಡೆಯಿಂದ. ಕಲ್ಲಿನ ಮೇಲೆ ಬೆಂಚಿನ ಹಿಂಬದಿಯ ನೆರಳು ಇತ್ತು, ಅವಳದಿರಲಿಲ್ಲ. ಕುಂಚ ಹಿಡಿಯಲು ಕಲಿತ ಮೊದಲ ವರ್ಷದ ಮಕ್ಕಳೂ ಮಾಡದಂಥ ತಪ್ಪದು, ನಾನು ನಿಯತ್ತಿನಿಂದ ದಿನಾ ಕೂತು ಬರೆದಿದ್ದೆ. ನಾನು ಮೇಜಿನ ಅಂಚು ಹಿಡಿದುಕೊಂಡೆ. ವಕೀಲರ ಹೆಂಡತಿ ಸಿಟ್ಟೆಲ್ಲ ಮರೆತು ನನಗೆ ಕುರ್ಚಿ ಎಳೆದುಕೊಟ್ಟರು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿನಗಿಂತ ಚಿಕ್ಕವಳಿರಬೇಕು, ದನಿಯಿಂದ ಹೇಳುತ್ತೇನೆ. ಮೊದಲು ಆಕೆ ಹೇಳಿದ್ದು, “ಅಮ್ಮಾ, ನಿಮಗೆ ಹುಚ್ಚು ಹಿಡಿದಿಲ್ಲ, ಅದನ್ನ ಮೊದಲು ತಲೆಯಿಂದ ತೆಗೆದುಹಾಕಿ.” ಕಣ್ಣಿನ ಒಳಪರದೆಯ ನಟ್ಟನಡುವೆ ನೀರು ಸೋರಿ ಹಾಳಾಗಿದೆಯಂತೆ. ನಡುವೆ ಕಾಣುವುದು ನಿಂತಾಗ, ಖಾಲಿ ಬಿದ್ದ ಜಾಗಕ್ಕೆ ಮಿದುಳು ತನಗೆ ತೋಚಿದವರನ್ನು ತಂದು ಕೂರಿಸುತ್ತದಂತೆ. ಬಹಳ ಜನಕ್ಕೆ ಹೀಗಾಗುತ್ತದೆ, ಹೇಳಿಕೊಳ್ಳಲು ಹೆದರುತ್ತಾರೆ ಎಂದಳು. ಬಲಗಣ್ಣು ಕೈಬಿಟ್ಟ ಹಾಗೆ. ಎಡಗಣ್ಣಿಗೆ ಒಂದಾದಮೇಲೊಂದು ಇಂಜೆಕ್ಷನ್ ಕೊಟ್ಟರೆ ಈಗ ಉಳಿದಿರುವುದು ಉಳಿಯಬಹುದು, ಸ್ವಲ್ಪ ಸುಧಾರಿಸಲೂಬಹುದು. ತಡಮಾಡಿದಷ್ಟೂ ಅದೂ ಹೋಗುತ್ತದೆ. “ಕಣ್ಣು ಸುಧಾರಿಸಿದ್ರೆ ಇವರೆಲ್ಲ ತಾವಾಗೇ ಬರೋದು ನಿಲ್ಲಿಸ್ತಾರೆ. ಯಾವತ್ತು ಶುರು ಮಾಡೋಣ?” ಎಂದಳು.

ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಅಲ್ಲಿಂದಾಚೆಗಿನದು ನಿನಗೆ ಗೊತ್ತು. ಒಮ್ಮೆ ಸೆಖೆ ಕಳೆಯಲಿ ಎಂದೆ, ಒಮ್ಮೆ ಕೈಲಿರುವ ಚಿತ್ರ ಮುಗಿಯಲಿ ಎಂದೆ, ಒಮ್ಮೆ ನೆಗಡಿ ಎಂದೆ. ನೀನು ಪತ್ರದ ಮೇಲೆ ಪತ್ರ ಬರೆದೆ. ಅಳಿಯ ಕೂಡ ಪಾಪ, ಮಾತೇ ಆಡದ ಮನುಷ್ಯ, ಫೋನು ಮಾಡಿ “ಅತ್ತೆ, ಕಣ್ಣು ಅಂದ್ರೆ ಹುಡುಗಾಟ ಅಲ್ಲ” ಎಂದ. ಕಣ್ಣಿನ ಮೇಲೇ ಬದುಕಿದವಳಿಗೆ ಅದನ್ನು ಬೇರೆಯವರು ಹೇಳಿಕೊಡಬೇಕೇ? ಬೆಳಿಗ್ಗೆ ಎದ್ದ ತಕ್ಷಣ ಬಾಗಿಲ ಚೌಕಟ್ಟನ್ನು ನೋಡುತ್ತೇನೆ. ನೇರ ಇರಬೇಕಾದ ಕಟ್ಟು ನಡುವೆ ಡೊಂಕಾಗಿ, ಒಂದು ಕಡೆ ಕರಗಿಹೋಗಿರುತ್ತದೆ. ಈ ತಿಂಗಳು ಆ ಕರಗಿದ ಜಾಗ ಇನ್ನೂ ಅಗಲವಾಗಿದೆ. ಗೊತ್ತಿದ್ದೂ ಸುಮ್ಮನಿದ್ದೆ.

ಗುರುವಾರ

ನಿನ್ನೆ ಅಷ್ಟಕ್ಕೇ ನಿಲ್ಲಿಸಿದೆ, ಕಣ್ಣು ಸೋತಿತು. ಈಗ ಬೆಳಗಿನ ಬೆಳಕು ಗಾಜಿನ ಮಾಡಿನಿಂದ ನೇರ ಮೇಜಿನ ಮೇಲೆ ಬಿದ್ದಿದೆ. ಕೋಣೆಯ ತುಂಬ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ. ನಿನಗೆ ಸೇರದ ವಾಸನೆ, ನನಗೆ ಮನೆ ಎಂದರೆ ಇದೇ.

ಬರುವವರ ಬಗ್ಗೆ ನೀನು ಕೇಳಿದ್ದೀ, ಹೆದರಿಕೊಂಡೇ ಕೇಳಿದ್ದೀ. ಹೇಳುತ್ತೇನೆ. ಈಗ ವಕೀಲರ ಮನೆಗೆ ಹೋಗಬೇಕಾಗಿಲ್ಲ, ನಮ್ಮ ತೋಟಕ್ಕೇ ಬರುತ್ತಾರೆ. ಹೆಚ್ಚಾಗಿ ಬೆಳಿಗ್ಗೆ, ಇಬ್ಬನಿ ಇನ್ನೂ ಆರದ ಹೊತ್ತಿಗೆ. ಹಳದಿ ಟೋಪಿಯವಳು ಈಗಿಲ್ಲ. ಕಪ್ಪು ಕೋಟಿನ ಗಿಡ್ಡ ಗಂಡಸರು ಸಾಲಾಗಿ ಬೇಲಿಯ ಗುಂಟ ನಡೆಯುತ್ತಾರೆ, ಎಲ್ಲಿಗೋ ತಡವಾದವರ ಹಾಗೆ. ಒಬ್ಬ ಮುದುಕಿ ಲಿಲ್ಲಿಗಳ ನಡುವೆ ಮೊಣಕಾಲವರೆಗೆ ಮುಳುಗಿ ನಿಲ್ಲುತ್ತಾಳೆ, ಒಂದು ಹೂವೂ ಅಲುಗುವುದಿಲ್ಲ. ಕೆಲವು ದಿನ ಬಿಳಿ ಅಂಗಿಯ ಮಕ್ಕಳು. ಸದ್ದಿಲ್ಲ, ನಗುವಿಲ್ಲ, ನನ್ನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಬೆಳಕನ್ನು ಹೊತ್ತು ತರುತ್ತಾರೆ. ತೋಟದಲ್ಲಿ ಬೆಳಗಾಗಿದ್ದರೆ ಆ ಮುದುಕಿಯ ಕೆನ್ನೆಯ ಮೇಲೆ ಮುಸ್ಸಂಜೆ. ಅವರು ಇಲ್ಲಿಯವರಲ್ಲ ಎಂದು ನಾನು ಕಂಡುಹಿಡಿಯುವುದು ಹಾಗೆ.

ಹೆದರಿಕೆಯಾಗುವುದಿಲ್ಲವೇ ಎಂದರೆ, ಮೊದಮೊದಲು ಆಗುತ್ತಿತ್ತು. ಈಗ ನನಗಾಗುವುದನ್ನು ಹೆದರಿಕೆ ಎನ್ನಲಾರೆ. ಅವರ ಮುಖಗಳನ್ನು ನೀನು ನೋಡಬೇಕು, ಅಷ್ಟು ಸ್ಪಷ್ಟ. ಕಣ್ಣಿನ ಅಂಚಿನ ಸುಕ್ಕು, ತುಟಿಯ ಮೇಲಿನ ಕೂದಲು, ಹುಬ್ಬಿನೊಳಗಿನ ಒಂದೇ ಒಂದು ನರೆ, ಎಲ್ಲ ಕಾಣುತ್ತದೆ. ಒಬ್ಬೊಬ್ಬರ ಮುಖವನ್ನೂ ಕಡೆಯವರೆಗೂ ನೋಡುತ್ತೇನೆ, ಮರೆಯಾಗುವವರೆಗೂ ಬಿಡುವುದಿಲ್ಲ. ಈಚೆಗೆ ಬೇಗ ಏಳುತ್ತೇನೆ, ಮುಖ ತೊಳೆಯುವ ಮೊದಲೇ ತೋಟದಲ್ಲಿರುತ್ತೇನೆ. ಚಿತ್ರಗಾರರ ಚಟ ಎಂದುಕೊ.

ಚೌಕಟ್ಟಿನವನು ಇದನ್ನೆಲ್ಲ ಬಹಳ ಮರ್ಯಾದೆಯಿಂದ ತೆಗೆದುಕೊಂಡಿದ್ದಾನೆ. ಬಂದವನೇ ಬಾಗಿಲಲ್ಲಿ ನಿಂತು, “ಅಕ್ಕಾ, ಇವತ್ತು ಯಾರ್ಯಾರು ಬಂದಿದ್ದಾರೆ? ಕುರ್ಚಿ ಮೇಲೆ ಯಾರಾದ್ರೂ ಇದ್ದಾರಾ, ನಾನು ಕೂರಬಹುದಾ?” ಎಂದು ಕೇಳುತ್ತಾನೆ. ಒಂದು ದಿನ ನಾನು, “ಕೂತಿದ್ದಾರೆ, ನಿನಗಿಂತ ಚೆನ್ನಾಗಿ ಬಟ್ಟೆ ಹಾಕಿದ್ದಾರೆ” ಎಂದೆ. ಅವನು ನಿಜವಾಗಿಯೂ ಕೂರಲಿಲ್ಲ, ನಿಂತೇ ಚಹಾ ಕುಡಿದ. ಹೋಗುವಾಗ ಮಾತ್ರ ದನಿ ತಗ್ಗಿಸಿ, “ಅಕ್ಕಾ, ಇವರನ್ನ ಕಳಿಸಿಬಿಡು. ಇವರು ನಿನ್ನ ಕಣ್ಣು ತಿಂದೇ ಹೋಗೋದು” ಎಂದ. ಅವನಿಗೆ ಎರಡು ದಿನ ಬಾಗಿಲು ತೆಗೆಯಲಿಲ್ಲ ನಾನು. ಈ ವಯಸ್ಸಿನಲ್ಲೂ ಕೋಪ ಮೂಗಿನ ತುದಿಯಲ್ಲೇ ಇದೆ, ಏನು ಮಾಡುವುದು.

ಚಿತ್ರ ಬರೆಯುವುದು ನಿಂತಿಲ್ಲ, ಆದರೆ ಬರೆಯುವ ಬಗೆ ಬೇರೆಯಾಗಿದೆ. ಗುಲಾಬಿ ಕಾಣಬೇಕಾದರೆ ಗುಲಾಬಿಯನ್ನು ನೋಡಬಾರದು, ಪಕ್ಕದ ಗೋಡೆಯನ್ನು ನೋಡಬೇಕು. ಆಗ ಕಣ್ಣಂಚಿಗೆ ಕೆಂಪು ಬಂದು ನಿಲ್ಲುತ್ತದೆ. ಅದನ್ನು ನೋಡಲು ತಿರುಗಿದೆನೋ, ಹೋಯಿತು. ಬಣ್ಣದ ಟ್ಯೂಬುಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿಟ್ಟಿದ್ದೇನೆ, ಕೈ ತಾನೇ ಹೋಗಿ ಎತ್ತಿಕೊಳ್ಳುತ್ತದೆ. ಆದರೂ ಹೋದವಾರ ಸಂಜೆಯ ಆಕಾಶಕ್ಕೆ ಹಸಿರು ಹಚ್ಚಿಬಿಟ್ಟಿದ್ದೆ. ಚೌಕಟ್ಟಿನವನು ಬಹಳ ಹೊತ್ತು ನೋಡಿ “ಹೊಸ ಥರ ಇದೆ” ಎಂದಾಗಲೇ ಅನುಮಾನ ಬಂತು. ಅವನು ಹೋದಮೇಲೆ ಅಲಗಿನಿಂದ ಕೆರೆದು ತೆಗೆದೆ. ಕೆರೆಯುವಾಗ ಅಳು ಬಂತು, ನಿನ್ನ ಹತ್ತಿರ ಮುಚ್ಚಿಡುವುದೇನು.

ಇನ್ನೊಂದು ವಿಷಯ. ನಿನ್ನನ್ನು ಈ ಸಲ ನಾನು ನೋಡಲೇ ಇಲ್ಲ, ಮಗಳೇ. ನೀನು ಬಂದು ಎದುರಿಗೆ ಕೂತೆ, ಎರಡು ದಿನ ಇದ್ದೆ. ನಿನ್ನ ಕೂದಲು ಕಂಡಿತು, ಕಿವಿ ಕಂಡಿತು, ಕತ್ತಿನ ಸುತ್ತಿನ ಹಸಿರು ಬಟ್ಟೆ ಕಂಡಿತು. ನಡುವೆ ಮುಖ ಇರಬೇಕಾದಲ್ಲಿ ಚಿಂದಿಬಟ್ಟೆಯಿಂದ ಬಣ್ಣ ಒರೆಸಿದಂಥ ಒಂದು ಬೂದು ಕಲೆ. “ಬಡವಾಗಿದ್ದೀಯಲ್ಲೇ” ಎಂದೆನಲ್ಲ, ಅದು ನಿನ್ನ ಮಣಿಕಟ್ಟು ಹಿಡಿದಾಗ ತಿಳಿದದ್ದು. ಯಾವ ಕಾಲದವರೋ ಯಾವ ಊರಿನವರೋ ಬಂದು ನಿಂತರೆ ಹುಬ್ಬಿನ ಕೂದಲು ಎಣಿಸಬಹುದು. ಹೆತ್ತ ಮಗಳು ಎದುರಿಗಿದ್ದರೆ ಮೂಗು ಎಲ್ಲಿದೆ ಎಂದು ತಿಳಿಯದು. ನೀನು ಹೊರಟಾಗ ಗೇಟಿನವರೆಗೂ ಬಂದು ಕೈಬೀಸಿದೆ. ನೀನು ಆಗಲೇ ತಿರುವು ದಾಟಿದ್ದೆಯಂತೆ, ಪಕ್ಕದ ಮನೆಯಾಕೆ ಆಮೇಲೆ ಹೇಳಿದಳು. ನಾನು ಇನ್ನಾರಿಗೋ ಕೈಬೀಸುತ್ತಾ ನಿಂತಿದ್ದೆ.

ಈಗ ನೀನು ಕಾಯುತ್ತಿರುವ ಸುದ್ದಿ. ಮೊನ್ನೆ ಡಾಕ್ಟರ ಬಳಿ ಹೋಗಿ ಬಂದೆ. ಚೌಕಟ್ಟಿನವನೇ ಕರೆದುಕೊಂಡು ಹೋದ, ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ, ಆಡಿದರೆ ನಾನೆಲ್ಲಿ ಹಿಂದಕ್ಕೆ ತಿರುಗುತ್ತೇನೋ ಎಂಬ ಭಯ ಅವನಿಗೆ. ಸೋಮವಾರ ಬೆಳಿಗ್ಗೆ ಮೊದಲ ಇಂಜೆಕ್ಷನ್. ಎಷ್ಟು ಉಳಿಯುತ್ತದೆ ಎಂದು ಡಾಕ್ಟರು ಹೇಳಲಾರಳು. “ಬಂದಿದ್ದೀರಲ್ಲ, ಅದೇ ದೊಡ್ಡದು. ಇನ್ನೊಂದು ತಿಂಗಳು ಬಿಟ್ಟಿದ್ರೆ ನನ್ನ ಕೈಲೂ ಏನೂ ಇರ್ತಿರಲಿಲ್ಲ” ಎಂದಳು. ನಿನ್ನ ಬೈಗುಳವೇ ಗೆದ್ದಿತೆಂದು ಇಟ್ಟುಕೊ. ಅಳಿಯನಿಗೂ ಹೇಳು, ಅತ್ತೆಗೆ ಕೊನೆಗೂ ಬುದ್ಧಿ ಬಂತು ಎಂದು.

ನೀನು ಭಾನುವಾರವೇ ಬಂದರೆ ಒಳ್ಳೆಯದು. ಮೊಮ್ಮಗಳನ್ನೂ ಕರೆದುಕೊಂಡು ಬಾ, ಹಲ್ಲಿಲ್ಲದ ಬಾಯಿ ನೋಡುವಷ್ಟಾದರೂ ಕಣ್ಣು ಬರಬಹುದು. ಬಂದವಳೇ ಕೋಣೆ ಗುಡಿಸಲು ನಿಲ್ಲಬೇಡ. ಎಣ್ಣೆ ಒರೆಸಿದ ಚಿಂದಿಗಳನ್ನು ನೀರಿನ ಡಬ್ಬಿಯಲ್ಲೇ ಬಿಡು, ಹೊರಗೆ ರಾಶಿ ಹಾಕಿದರೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಚೌಕಟ್ಟಿನವನನ್ನು ‘ನೀವಾದ್ರೂ ಹೇಳಬಾರದಿತ್ತಾ’ ಎಂದು ತರಾಟೆಗೆ ತೆಗೆದುಕೊಳ್ಳಬೇಡ. ಅವನು ಹೇಳಿದ್ದಾನೆ, ಬೈಸಿಕೊಂಡೂ ಇದ್ದಾನೆ. ಬೇಲಿ ಕತ್ತರಿಸಲು ಆಳು ಹುಡುಕುತ್ತೇನೆ ಎಂದಿದ್ದೆಯಲ್ಲ, ಹುಡುಕು. ಈಗ ಕತ್ತರಿಸಬಹುದು.

ನಿನ್ನ ಕಣ್ಣು ಚೆನ್ನಾಗಿರಲಿ, ಮೈ ಗಟ್ಟಿಯಿರಲಿ, ಮನೆ ತುಂಬ ಸದ್ದಿರಲಿ. ಮೊಮ್ಮಗಳ ನೆತ್ತಿಯ ಮೇಲೆ ನನ್ನ ಕೈಯಿದೆ ಎಂದುಕೊಂಡು ಒಂದು ಸಲ ನೀನೇ ಸವರು. ಅಳಿಯನಿಗೆ ನನ್ನ ಆಶೀರ್ವಾದ, ಮಾತು ಕಡಿಮೆ ಆಡಿದರೂ ಸರಿಯಾದದ್ದನ್ನೇ ಆಡಿದ.

ನಿನ್ನ
ಅಮ್ಮ

ಮಡಚಿದ ಮೇಲೆ ಮತ್ತೆ ಬಿಚ್ಚಿ ಬರೆದದ್ದು:

ನಿನ್ನ ಬೈಗುಳ ಗೆದ್ದಿತು ಎಂದು ಬರೆದೆನಲ್ಲ, ಅದು ಹಾಗಲ್ಲ. ನಾನು ಮೊನ್ನೆ ಹೋದದ್ದು ದಿನ ಗೊತ್ತುಮಾಡಲಿಕ್ಕೆ ಅಲ್ಲವೇ ಅಲ್ಲ. ಡಾಕ್ಟರನ್ನು ಒಂದು ಮಾತು ಕೇಳಬೇಕಿತ್ತು. ಚೌಕಟ್ಟಿನವನನ್ನು ನೀರು ತರಲು ಹೊರಗೆ ಕಳಿಸಿ ಕೇಳಿದೆ: “ಇಷ್ಟೊಂದು ಜನ ಬರ್ತಾರಲ್ಲಮ್ಮ, ಇವರಲ್ಲಿ ನಮ್ಮೋರು ಯಾರಾದ್ರೂ ಬರೋದುಂಟಾ?”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಕುರ್ಚಿ ಹತ್ತಿರ ಎಳೆದುಕೊಂಡಳು. “ಇಲ್ಲಮ್ಮ. ಬರೋದೆಲ್ಲ ಗುರುತಿಲ್ಲದವರೇ. ನನ್ನ ಹತ್ರ ಬಂದವರಲ್ಲಿ ಒಬ್ರೂ ತಮ್ಮೋರನ್ನ ಕಂಡೆ ಅಂದಿಲ್ಲ.”

“ಇನ್ನೂ ಸ್ವಲ್ಪ ದಿನ ಕಾದ್ರೆ?”

“ಕಾದ್ರೆ ಕಣ್ಣು ಹೋಗುತ್ತೆ, ಅಮ್ಮ. ಅವರು ಬರಲ್ಲ.”

ಯಾರು ಎಂದು ನಾನು ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಈ ತಿಂಗಳುಗಳೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೋಟದಲ್ಲಿ ಕೂತದ್ದು ಇದಕ್ಕೇ, ಜೀರುಂಡೆ. ಅಷ್ಟೊಂದು ಜನ ಅವರು ನೆಟ್ಟ ಲಿಲ್ಲಿಗಳ ನಡುವೆ ಹಾದು ಹೋಗುತ್ತಿದ್ದರು. ಇವತ್ತಲ್ಲ ನಾಳೆ ಅವರೂ ಬರದೆ ಇರುತ್ತಾರೆಯೇ, ಬಂದರೆ ಈ ಸಲ ನೀರಿನ ಪೈಪಿನ ನೆಪ ಹೇಳಲಾರರು, ನಿಂತೇ ನಿಲ್ಲುತ್ತಾರೆ, ಎದುರಿಗೆ ಕಂಡರೆ ನಾನು ಬರೆಯುತ್ತೇನೆ ಎಂದುಕೊಂಡಿದ್ದೆ. ಅದಕ್ಕಾಗಿ ಎರಡನೆಯ ಕಣ್ಣನ್ನೂ ಕೊಡಲು ತಯಾರಾಗಿದ್ದೆ. ಕೊಟ್ಟೂ ಬಿಡುತ್ತಿದ್ದೆ.

ನಿಮ್ಮಪ್ಪನನ್ನು ಕಳಿಸಿಕೊಟ್ಟ ದಿನ ನಾನು ಅಳಲಿಲ್ಲ ಎಂದು ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಎಂದರು. ಮೊನ್ನೆ ದಿನ ಬರೆದುಕೊಳ್ಳುವ ಹೊರಗಿನ ಮೇಜಿನಲ್ಲಿ ಸೋಮವಾರ ಎಂದು ಹೇಳಬೇಕಾದಾಗ ಅಳು ಬಂತು, ನಿಲ್ಲಿಸಲಾಗಲಿಲ್ಲ. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರಂತೆ. ಮೇಜಿನ ಹುಡುಗಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. “ಯಾಕಮ್ಮ ಇಷ್ಟು ಅಳ್ತೀರಾ, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ, ಒಂದು ಕ್ಷಣದ ಕೆಲಸ” ಎಂದಳು.

ಹೌದಾ ಮಗು, ಹಾಗಾದ್ರೆ ಸರಿ, ಎಂದೆ.